ಮೂರು ಸೂಜಿಗೆ ಮೂರು ಉಪವಾಸ

ತಾರಾಬಾಯಿಯವರ ಕಥೆ ಹೇಳುವ ಮುಂಚೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಅವರಿಗೆ ಸುಳ್ಳು ಹೇಳಿ, ಹಂದಿಯ ಕರುಳಿನಿಂದ ತಯಾರಾದ ಇಂಜೆಕ್ಷನ್ ಚುಚ್ಚಿದವಳು ನಾನೇ. ಒಂದು ಸಲ ಅಲ್ಲ, ಮೂರು ಸಲ. ನನ್ನ ಹೆಸರು ನಾಗರತ್ನಾ. ಹುಟ್ಟಿದ್ದು ಕಾಕತಿಯಲ್ಲಿ, ಈಗ ಮನೆ ಪೀರನವಾಡಿಯಲ್ಲಿ. ಬೆಳಗಾವಿಯ ಒಂದು ಎಲುಬಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸ್. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ವಾರ್ಡಿನಲ್ಲಿ ನಾನು ದನಿ ಎತ್ತಿದರೆ ಡಾಕ್ಟರುಗಳೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅಂಥ ನನಗೆ, ಹಾಸಿಗೆಯಿಂದ ಏಳಲಾರದ ಎಪ್ಪತ್ತನಾಲ್ಕು ವರ್ಷದ ಹೆಂಗಸು ಹೇಗೆ ನೀರಿಳಿಸಿದರು ಅನ್ನುವುದನ್ನು ನಾನೇ ಹೇಳಬೇಕು. ಬೇರೆಯವರು ಹೇಳಿದರೆ ನನ್ನನ್ನು ಉಳಿಸಿಕೊಂಡು ಹೇಳುತ್ತಾರೆ.

ಖಾನಾಪುರದಲ್ಲಿ ಸ್ಟೇಷನ್ ಕಡೆಗೆ ತಿರುಗುವಲ್ಲಿ ತಾರಾಬಾಯಿಯವರದೊಂದು ಹಿಟ್ಟಿನ ಗಿರಣಿ ಇದೆ. ಗಂಡ ಹಾಕಿದ್ದು. ಅವರು ತೀರಿಕೊಂಡಾಗ ಮಗ ಪಾರ್ಶ್ವ ಇನ್ನೂ ಕಾಲೇಜಿನಲ್ಲಿದ್ದನಂತೆ. ನೆಂಟರೆಲ್ಲ ಸೇರಿ ಗಿರಣಿ ಮಾರಿಬಿಡು ಅಂದರು, ಹೆಂಗಸಿನ ಕೈಯಲ್ಲಿ ಮೋಟಾರಿನ ಗಾಲಿಗೆ ಪಟ್ಟಾ ಏರಿಸುವುದು ಆಗುತ್ತದೆಯೇ ಅಂದರು. ಇವರು ಸೂತಕ ಕಳೆದ ಮರುದಿನವೇ ಸೆರಗು ಸೊಂಟಕ್ಕೆ ಬಿಗಿದು ಗಿರಣಿಯ ಬಾಗಿಲು ತೆಗೆದರು. ಮೋಟಾರು ಸುಟ್ಟರೆ ಟೆಂಪೋದಲ್ಲಿ ಹಾಕಿಕೊಂಡು ಬೆಳಗಾವಿಯ ಆಟೋ ನಗರಕ್ಕೆ ತಾವೇ ಬಂದು, ವೈಂಡಿಂಗ್ ಮುಗಿಯುವವರೆಗೆ ಮೆಕ್ಯಾನಿಕ್ಕನ ಎದುರೇ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರಂತೆ. ಬೀಸುಕಲ್ಲು ಸವೆದರೆ ಉಳಿ, ಸುತ್ತಿಗೆ ಹಿಡಿದು ತಾವೇ ಹೊಡೆಯುತ್ತಿದ್ದರು. ಬಲಗೈಯ ಹೆಬ್ಬೆರಳ ಉಗುರು ಆ ಕೆಲಸದಲ್ಲಿ ಹೋದದ್ದು ಮತ್ತೆ ಬರಲೇ ಇಲ್ಲ.

ಗಿರಣಿಯಲ್ಲಿ ಅವರದು ಎರಡು ಕಟ್ಟಳೆ. ಹೊತ್ತು ಮುಳುಗಿದ ಮೇಲೆ ಬೀಸುವುದಿಲ್ಲ. ಹುಳ ಬಿದ್ದ ಕಾಳನ್ನಂತೂ ಯಾವ ಹೊತ್ತಿನಲ್ಲೂ ಬೀಸುವುದಿಲ್ಲ. ಜೈನರ ಮನೆಯವರು, ಒಂದು ಹುಳವನ್ನೂ ಕಲ್ಲಿಗೆ ಕೊಡಲಾರರು. ಯಾರು ಚೀಲ ತಂದರೂ ಮುಷ್ಟಿ ಕಾಳು ತೆಗೆದು ಅಂಗೈಯಲ್ಲಿ ಹರಡಿ ನೋಡುತ್ತಿದ್ದರು.

"ಹುಳಾ ಆಗ್ಯಾವು. ಮನಿಗಿ ಒಯ್ದ ಜರಡಿ ಹಿಡ್ರಿ, ಅವನ್ನ ನೆಳ್ಳಾಗ ಬಿಡ್ರಿ, ಆಮ್ಯಾಲ ತರ್ರಿ."

"ಅಲ್ರೀ ತಾರಾಬಾಯಿ, ಬಾಜು ಗಿರಣ್ಯಾಗ ಹಂಗ ಬೀಸಿ ಕೊಡ್ತಾರಲ್ಲಾ?"

"ಹಂಗಾರ ಅಲ್ಲೇ ಹೋಗ್ರಿ. ಹುಳದ ರೊಟ್ಟಿ ತಿಂದು ರುಚಿ ಹ್ಯಾಂಗಿತ್ತಂತ ನನಗೂ ಹೇಳ್ರಿ."

ಜನ ಗೊಣಗಿಕೊಂಡು ಹೋಗಿ, ಜರಡಿ ಹಿಡಿದು, ಮತ್ತೆ ಅಲ್ಲಿಗೇ ಬರುತ್ತಿದ್ದರು. ಅವರ ಹಿಟ್ಟು ಅಷ್ಟು ನುಣ್ಣಗಿರುತ್ತಿತ್ತು.

ಫೆಬ್ರುವರಿಯ ಒಂದು ಬೆಳಗ್ಗೆ, ಕಾಳು ಸುರಿಯುವ ಕಟ್ಟೆಯಿಂದ ಇಳಿಯುವಾಗ ಹಿಟ್ಟು ಬಿದ್ದ ನೆಲದಲ್ಲಿ ಕಾಲು ಜಾರಿತು. ಎಡ ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿಯಿತು. ಬಿದ್ದಲ್ಲಿಂದಲೇ, "ಮೊದಲ ಮೋಟಾರ ಬಂದ್ ಮಾಡ್ರಿ, ಕಲ್ಲ ಖಾಲಿ ತಿರಗಾಕತ್ತೈತಿ" ಎಂದು ಕೂಗಿದರಂತೆ. ಅವತ್ತೇ ನಮ್ಮಲ್ಲಿಗೆ ಕರೆತಂದರು, ಮರುದಿನ ಆಪರೇಷನ್ ಆಯಿತು. ವಿನಯ ಡಾಕ್ಟರು ಎಲುಬಿಗೆ ರಾಡು ಹಾಕಿ ಸ್ಕ್ರೂ ಬಿಗಿದರು. ಎಲುಬಿನ ಕೆಲಸ ಚೆನ್ನಾಗಿಯೇ ಆಗಿತ್ತು.

ಆದರೆ ಸೊಂಟ ಮುರಿದವರಿಗೆ ಎಲುಬಿಗಿಂತ ದೊಡ್ಡ ಭಯ ಇನ್ನೊಂದಿದೆ. ಅಲುಗಾಡದೆ ಮಲಗಿದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿತೋ, ಮುಗಿಯಿತು. ನಾಳೆ ಮನೆಗೆ ಹೋಗುತ್ತೇನೆ ಎಂದು ಗಂಟುಮೂಟೆ ಕಟ್ಟಿಕೊಂಡು ಕೂತಿದ್ದವರು, ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಉಸಿರು ಸಿಕ್ಕಿ ಬಿದ್ದದ್ದನ್ನು ನಾನು ಎರಡು ಸಲ ಕಣ್ಣಾರೆ ನೋಡಿದ್ದೇನೆ. ಅದಾಗಬಾರದು ಎಂದು ದಿನಕ್ಕೊಂದು ಇಂಜೆಕ್ಷನ್ ಹೊಟ್ಟೆಯ ಚರ್ಮಕ್ಕೆ ಕೊಡುತ್ತೇವೆ. ನಮ್ಮ ವಾರ್ಡಿನಲ್ಲಿ ಅದು ಎಲ್ಲರಿಗೂ ಕೊಡುವ ಔಷಧ. ಯಾರನ್ನೂ ಏನೂ ಕೇಳುವ ರೂಢಿ ಇರಲಿಲ್ಲ.

ಪಾರ್ಶ್ವ ಮಾತ್ರ ಕೇಳಿದ್ದ. ಆಪರೇಷನ್ ಆದ ಸಂಜೆ ಡಾಕ್ಟರ ಕೋಣೆಯ ಹೊರಗೆ ನಿಂತು, "ಇದನ್ನ ಯಾತರ್ಲೆ ಮಾಡ್ತಾರ್ರೀ ಸರ್?" ಅಂದ. ಹಂದಿಯ ಕರುಳಿನಿಂದ ಎಂದು ಡಾಕ್ಟರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಪಾರ್ಶ್ವನ ಮುಖ ಸಣ್ಣಗಾಯಿತು.

"ಅವ್ವಗ ಹೇಳಬ್ಯಾಡ್ರಿ. ಗೊತ್ತಾದ್ರ ಖಂಡಿತ ತಗೊಳ್ಳಂಗಿಲ್ಲ. ಶಕ್ತಿ ಇಂಜೆಕ್ಷನ್ ಅಂದ್ಬಿಡ್ರಿ. ನನಗ ಅವ್ವ ಉಳದ್ರ ಸಾಕು."

ಡಾಕ್ಟರು ನನ್ನ ಮುಖ ನೋಡಿದರು. ನಾನು, "ಆತ ಬಿಡ್ರಿ, ಅದರಾಗೇನೈತಿ" ಅಂದುಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಸುಳ್ಳು ಎಷ್ಟು ಹೇಳಿಲ್ಲ ನಾನು! ನೋಯುವುದಿಲ್ಲ ಅಂತ ಹೇಳಿ ಹೊಲಿಗೆ ಬಿಚ್ಚಿದ್ದೇನೆ. ಪೇಷಂಟಿಗೆ ಒಳ್ಳೆಯದಾಗುವ ಸುಳ್ಳು ಸುಳ್ಳೇ ಅಲ್ಲ ಎಂದು ನಂಬಿಕೊಂಡಿದ್ದವಳು ನಾನು.

ಮೊದಲ ದಿನ ಸೂಜಿ ಹಿಡಿದು ಹೋದಾಗ ತಾರಾಬಾಯಿ ನನ್ನ ಕೈ ನೋಡಿದರು. "ಏನೈತವ್ವಾ ಇದರಾಗ?"

"ಶಕ್ತೀದ್ರಿ ಆಯೀ."

"ಯಾತರ್ಲೆ ಮಾಡ್ಯಾರ?"

"ಔಷಧದ್ಲೇರಿ, ಮತ್ಯಾತರ್ಲೆ?" ಎಂದು ನಗುತ್ತಾ ಚುಚ್ಚಿದೆ. ಎರಡನೆಯ ದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ದಿನ ಅವರು ಏನೂ ಕೇಳಲಿಲ್ಲ. "ಆ ಡಬ್ಬಿ ಇಲ್ಲಿ ಇಡು" ಅಂದರು. ಖಾಲಿ ಡಬ್ಬಿ ತಾನೇ ಎಂದು ಇಟ್ಟು ಬಂದೆ.

ಆ ಮಧ್ಯಾಹ್ನ ಮೊಮ್ಮಗಳು ಬ್ರಾಹ್ಮಿ ಬಂದಳು. ಬೆಳಗಾವಿಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಅವರ ಮನೆಯಲ್ಲಿ ಬಿಸ್ಕೀಟಿನ ಪೊಟ್ಟಣ ತಂದರೂ ಹಸಿರು ಚುಕ್ಕೆ ನೋಡಿ, ಹಿಂದೆ ಬರೆದದ್ದನ್ನೆಲ್ಲ ಓದಿಯೇ ಒಡೆಯುವುದು. ಔಷಧದ ಡಬ್ಬಿಯ ಮೇಲೆ ಆ ಚುಕ್ಕೆ ಎಲ್ಲಿರುತ್ತದೆ? ಬ್ರಾಹ್ಮಿ ಒಳಗಿನ ಕಾಗದ ಬಿಚ್ಚಿ, ಇರುವೆಯಂಥ ಇಂಗ್ಲಿಷ್ ಅಕ್ಷರ ಪೂರ್ತಿ ಓದಿದಳು. ಫೋನಿನಲ್ಲಿ ಏನೋ ಹುಡುಕಿದಳು. ಅಜ್ಜಿಯ ಎದುರು ಸುಳ್ಳು ಹೇಳಿ ಅಭ್ಯಾಸವಿಲ್ಲದ ಹುಡುಗಿ, "ಹಂದಿ ಕರಳಿಂದ ಅಜ್ಜೀ" ಅಂದೇಬಿಟ್ಟಳು.

ನನ್ನನ್ನು ಕರೆಸಿದರು. ಕೂಗಾಡುತ್ತಾರೆ ಅಂದುಕೊಂಡು ನಾನೂ ಸೆರಗು ಬಿಗಿದವಳಂತೆ ಹೋದೆ. ಅವರು ಕೂಗಲಿಲ್ಲ.

"ನಾಗರತ್ನಾ, ನಾ ಎರಡ ಸರ್ತಿ ಕೇಳಿದ್ನಿ. ನೀ ಎರಡ ಸರ್ತಿ ನಕ್ಕಿ."

"ನಿಮ್ಮ ಒಳ್ಳೇದಕ್ಕರೀ ಆಯೀ..."

"ನನ್ನ ಒಳ್ಳೇದ ಯಾವದಂತ ನನ್ನ ಕೇಳಬೇಕಿಲ್ಲ? ಎಲಬ ಮುರದೈತಿ, ತಲಿ ಮುರದಿಲ್ಲ." ಆಮೇಲೆ ಮೂರು ಬೆರಳು ಎತ್ತಿದರು. "ಮೂರ ಸೂಜಿ ಆದ್ವು. ಮೂರ ದಿನ ನಿರ್ಜಲ ಉಪವಾಸ. ಈ ಬಾಟಲಿ ನೀರೂ ತಗಿ."

ನಿರ್ಜಲ ಅಂದರೆ ಗುಟುಕು ನೀರೂ ಇಲ್ಲ. ಅಯ್ಯೋ ಶಿವನೇ! ಹೆಪ್ಪುಗಟ್ಟಬಾರದು ಎಂದು ನಾವು ಪಡುತ್ತಿದ್ದ ಪಾಡೆಲ್ಲ ಒಂದು ಕಡೆ, ಮೈಯ ನೀರು ಆರಿಸಿಕೊಂಡು ಹಾಸಿಗೆ ಹಿಡಿಯುತ್ತೇನೆ ಎನ್ನುವ ಈ ಮುದುಕಿ ಒಂದು ಕಡೆ. ಇಂಜೆಕ್ಷನ್ ನಿಂತಿತು, ನೀರೂ ನಿಂತಿತು. ಸಲೈನ್ ಹಾಕಲು ಹೋದರೆ ಕೈ ಕೊಡಲಿಲ್ಲ. ವಿನಯ ಡಾಕ್ಟರು ಬಂದು, "ಹಿಂಗ ಮಾಡಿದ್ರ ಡಿಸ್ಚಾರ್ಜ್ ಮಾಡ್ತೀನಿ ನೋಡ್ರಿ ಅಜ್ಜೀ" ಎಂದು ಗದರಿದರು.

"ಮಾಡ್ರಿ. ಎತ್ತಿ ಟೆಂಪೋದಾಗ ಹಾಕ್ರಿ. ನನ್ನ ಗಿರಣ್ಯಾಗ ಮಲಗ್ತೀನಿ, ಅಲ್ಲಿ ಸುಳ್ಳ ಹೇಳಾವ್ರು ಇಲ್ಲ."

ನನಗೂ ತಡೆಯಲಾಗಲಿಲ್ಲ. "ನೀರ ಕುಡೀದಿದ್ರ ರಕ್ತ ಹೆಪ್ಪಗಟ್ಟಿ ಸಾಯ್ತೀರಿ ಆಯೀ!" ಎಂದು ವಾರ್ಡೆಲ್ಲ ತಿರುಗಿ ನೋಡುವಂತೆ ಕಿರುಚಿದೆ.

"ಇದನ್ನ ಮೊದಲನೇ ದಿನ ಹೇಳಿದ್ರ ತಿಳಕೋತಿದ್ನಿ. ಈಗ ಹೆದರಸಾಕ ಹೇಳಾಕತ್ತೀದಿ" ಎಂದು ಮುಖ ಗೋಡೆಗೆ ತಿರುಗಿಸಿದರು.

ಪಾರ್ಶ್ವನಿಗೆ ಬೇರೆಯೇ ದಿಗಿಲು. ತಾಯಿಯ ಕಾಲ ಬಳಿ ನಿಂತು, "ಅವ್ವಾ, ಸಲ್ಲೇಖನ ಹಿಡಿಯಾಕತ್ತೀಯೇನ?" ಎಂದು ಅತ್ತುಬಿಟ್ಟ. ಅನ್ನ ನೀರು ಬಿಟ್ಟು ದೇಹ ಬಿಡುವ ವ್ರತ ಅದು. ತಾರಾಬಾಯಿಗೆ ಎಲ್ಲಿಲ್ಲದ ಸಿಟ್ಟು ಬಂತು.

"ಹುಚ್ಚಪ್ಪಾ! ಸಲ್ಲೇಖನ ಅಂದ್ರ ಕೆಲಸ ಮುಗದಾವ್ರು ಶಾಂತಿಲೆ ಹಿಡಿಯೂ ವ್ರತ. ನನ್ನ ಕೆಲಸ ಮುಗದಿಲ್ಲ, ಶಾಂತಿ ಅಂತೂ ಮೊದಲ ಇಲ್ಲ. ನಾ ಯಾಕ ಸಾಯಲಿ? ನೀವು ಮಾಡಿದ್ದನ್ನ ತೊಳಕೊಳ್ಳಾಕತ್ತೀನಿ, ಅಷ್ಟ. ಕಣ್ಣ ಒರಸಿಕೊಂಡ ಗಿರಣಿಗಿ ನಡಿ."

ಆ ಹಗಲು, ಆ ರಾತ್ರಿ ಹೋಯಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ತುಟಿ ಬಿರಿದಿತ್ತು, ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ಮೂತ್ರದ ಚೀಲದಲ್ಲಿ ಇದ್ದದ್ದು ನಾಲ್ಕು ಚಮಚ, ಅದೂ ಕಡು ಕಂದು ಬಣ್ಣ. ಅದನ್ನು ಬರೆದುಕೊಂಡು ಮತ್ತೊಮ್ಮೆ ಚೀಲ ಎತ್ತಿ ನೋಡಿದೆ. ಬೇರೆ ಯಾವ ಪೇಷಂಟ್ ಹಟ ಮಾಡಿದ್ದರೂ ಬೈದು ಮನೆಗೆ ಹೋಗಿ ಉಂಡು ಮಲಗುತ್ತಿದ್ದೆ. ಇವರದು ಹಾಗಲ್ಲ. ಈ ಹೆಂಗಸು ಸತ್ತರೆ ಕೊಂದವಳು ನಾನೇ ಆಗುತ್ತಿದ್ದೆ.

ಕೊನೆಗೆ ಸ್ಟೂಲು ಎಳೆದುಕೊಂಡು ಅವರ ತಲೆಯ ಬಳಿ ಕೂತೆ. ಎಲ್ಲ ಹೇಳಿದೆ. ಇಂಜೆಕ್ಷನ್ ಯಾಕೆ, ಕಾಲಿನಲ್ಲಿ ಏನಾಗುತ್ತದೆ, ನಾನು ಕಣ್ಣಾರೆ ನೋಡಿದ ಆ ಇಬ್ಬರು ಹೇಗೆ ಹೋದರು, ನೀರು ಬಿಟ್ಟರೆ ರಕ್ತ ಹೇಗೆ ಮಂದವಾಗುತ್ತದೆ, ಎಲ್ಲ. ಒಂದನ್ನೂ ಸಿಹಿ ಮಾಡಿ ಹೇಳಲಿಲ್ಲ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಹಸೀ ಜ್ವಾಳ ಹಾಕಿ ಗಿರಣಿ ನಿಲ್ಲಿಸಿದ್ರ ಹಿಟ್ಟ ಗಂಟಗಟ್ಟಿ ಕುಂದರತೈತಿ. ಹಂಗ ಅನ್ನು."

"ಹಂಗರೀ ಆಯೀ."

"ಹಂದೀದ ಅಲ್ಲದ್ದು ಬ್ಯಾರೇ ಏನರ ಐತೇನ?"

"ಐತ್ರಿ. ಗುಳಿಗಿ ಐತಿ. ದಿನಾ ಒಂದ."

"ಮೊದಲನೇ ದಿನಾನೂ ಇತ್ತೇನ?"

"ಇತ್ರಿ."

ಅವರು ಕಣ್ಣು ತೆರೆದರು. "ಒಂದ ಮಾತ ಕೇಳಿದ್ರ ಆಗತಿತ್ತಲ್ಲವ್ವಾ" ಅಂದರು. ಅಷ್ಟೇ. ಬೈಗುಳ ನನಗೆ ಹೊಸದಲ್ಲ, ಮೈಗೆ ಹತ್ತುವುದೂ ಇಲ್ಲ. ಆದರೆ ಆ ಮಾತಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಸ್ವಲ್ಪ ಹೊತ್ತು ಅವರು ತುಟಿಯಲ್ಲೇ ಏನೋ ಹೇಳಿಕೊಂಡರು. ಆಮೇಲೆ, "ಹೊತ್ತ ಎಷ್ಟಾತು?" ಎಂದು ಕೇಳಿದರು. ಐದೂವರೆ ಆಗಿತ್ತು. "ಒಂದ ಉಪವಾಸ ಆತು. ಉಳದ ಎರಡ ನಾ ಕಾಲಮ್ಯಾಲ ನಿಂತಮ್ಯಾಲ, ಚಾತುರ್ಮಾಸದಾಗ ಮಾಡ್ತೀನಿ. ಹೊತ್ತ ಮುಳಗೂದ್ರೊಳಗ ನೀರ ತಾ, ಸೋಸಿ ತಾ." ಕತ್ತಲಾದ ಮೇಲೆ ಅವರು ನೀರನ್ನೂ ಮುಟ್ಟುವವರಲ್ಲ. ನಾಲ್ಕು ಲೋಟ ಕುಡಿದರು. ನಾನು ಲೋಟ ಹಿಡಿದು ನಿಂತಿದ್ದೆ, ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಗುಳಿಗೆಯೂ ಸುಮ್ಮನೆ ಬಾಯಿಗೆ ಬೀಳಲಿಲ್ಲ. ಮರುದಿನ ಬೆಳಗ್ಗೆ ವಿನಯ ಡಾಕ್ಟರನ್ನೇ ಸ್ಟೂಲಿನ ಮೇಲೆ ಕೂರಿಸಿದರು. ಒಳಗೇನಿದೆ, ಮೇಲಿನ ಬಣ್ಣದಲ್ಲೇನಿದೆ ಎಂದು ಒಂದೊಂದಾಗಿ ಕೇಳಿದರು. ಡಾಕ್ಟರು ಗೊತ್ತಿಲ್ಲ ಎನ್ನಲಾರದೆ ಕಂಪನಿಯವನಿಗೆ ಫೋನು ಮಾಡಿದರು. ಅರ್ಧ ತಾಸಿನ ಮೇಲೆ ಉತ್ತರ ಬಂತು. ಹಾಲಿನ ಸಕ್ಕರೆ ಇದೆ, ಪ್ರಾಣಿಯ ಮೈಯಿಂದ ತೆಗೆದದ್ದು ಬೇರೇನೂ ಇಲ್ಲ.

"ಹಾಲ ನಡೀತೈತಿ. ಕೊಡ್ರಿ" ಅಂದರು ತಾರಾಬಾಯಿ. ಡಾಕ್ಟರು ಹೊರಗೆ ಬಂದು, "ಏನ್ ಮುದುಕಿ ಸಿಸ್ಟರ್ ಇದು, ನನಗ ವೈವಾ ತಗೊಂಡಂಗಾತು" ಎಂದು ಬೆವರು ಒರೆಸಿಕೊಂಡರು.

ಅಂದಿನಿಂದ ಅವರು ನನ್ನನ್ನು ಬಿಡಲಿಲ್ಲ. "ಖರೇ ಎಲ್ಲಾ ಹೇಳು, ಕೆಟ್ಟದ್ದೂ ಹೇಳು" ಎಂದು ದಿನವೂ ಕೂರಿಸಿಕೊಂಡು ಕೇಳುವರು. ಗುಳಿಗೆ ತಗೊಂಡರೂ ಹೆಪ್ಪು ಆಗುವುದೇ ಇಲ್ಲ ಅಂತಿಲ್ಲ, ಕಮ್ಮಿಯಾಗುತ್ತದೆ ಅಷ್ಟೆ ಎಂದು ಹೇಳಿದೆ. ಒಂದೇ ಕಾಲು ಬಾತರೆ, ಬಿಸಿಯಾದರೆ, ಮೀನಖಂಡ ನೋಯತೊಡಗಿದರೆ ತಡ ಮಾಡಬೇಡಿ ಅಂದೆ. ಉಸಿರು ಸಿಕ್ಕಿದರೆ, ಎದೆ ನೋವಾದರೆ ಒಂದು ನಿಮಿಷವೂ ಕಾಯಬೇಡಿ ಅಂದೆ. ಬಾತ ಕಾಲನ್ನು ಯಾರಿಗೂ ತಿಕ್ಕಲು ಕೊಡಬೇಡಿ ಎಂದು ಮೂರು ಸಲ ಹೇಳಿದೆ. ಹಲ್ಲುಜ್ಜಿದ ಮೇಲೆ ಎರಡೂ ಮೀನಖಂಡಗಳನ್ನು ದಾರದಿಂದ ಅಳೆದು ನೋಡುವುದನ್ನೂ ಕಲಿಸಿದೆ. ಅವರು ಗಿರಣಿಯ ಚೀಲ ಹೊಲಿಯುವ ಹುರಿ ತರಿಸಿಕೊಂಡರು.

ವಾಕರ್ ಹಿಡಿದು ಮೊದಲ ದಿನ ಹತ್ತು ಹೆಜ್ಜೆ ಸಾಕು ಅಂದದ್ದಕ್ಕೆ ಬಾಗಿಲವರೆಗೆ ಹೋಗಿ ಬಂದರು. ಹೆಜ್ಜೆಗೊಮ್ಮೆ ನೋವಿಗೆ ಬೈಯುತ್ತಿದ್ದರು. "ಹೋಗ ಅತ್ತಾಗ, ನಿನ್ನ ಮಾತ ಯಾರ ಕೇಳ್ತಾರ" ಎಂದು ಸ್ವಂತ ಕಾಲಿಗೇ ಗದರುತ್ತಾ ನಡೆದರು. ಒಂಬತ್ತನೆಯ ದಿನ ಖಾನಾಪುರಕ್ಕೆ ಹೋದರು.

ಮನೆಗೆ ಹೋದ ಹನ್ನೆರಡನೆಯ ದಿನ ಬೆಳಗ್ಗೆ ಹುರಿ ಎಡಗಾಲಿಗೆ ಸಾಲಲಿಲ್ಲ. ನಡೆದದ್ದನ್ನು ಆಮೇಲೆ ಪಾರ್ಶ್ವನೇ ನನಗೆ ಹೇಳಿದ. ಹಿಂದಿನ ಸಂಜೆಯೇ ತಾಯಿಯ ಕಾಲು ಭಾರವಾದದ್ದನ್ನು ನೋಡಿ, ಆಪರೇಷನ್ ಬಾವು ಇರಬೇಕು ಎಂದು ಸಿದ್ದಕ್ಕನಿಗೆ ಹೇಳಿಕಳಿಸಿದ್ದ. ಸಿದ್ದಕ್ಕ ಆ ಓಣಿಯ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚುವ ಹೆಂಗಸು, ಒಳ್ಳೆಯ ಕೈಗುಣದವಳು. ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬೆಳಗ್ಗೆಯೇ ಬಂದಳು. ಮಗನಿಗೆ ತಾಯಿಯ ಮೇಲೆ ಪ್ರೀತಿಗೇನೂ ಕಮ್ಮಿ ಇರಲಿಲ್ಲ. ಕೇಳುವ ಬುದ್ಧಿ ಮಾತ್ರ ಇನ್ನೂ ಬಂದಿರಲಿಲ್ಲ.

ತಾರಾಬಾಯಿ ವಾಕರನ್ನು ಮಂಚಕ್ಕೆ ಅಡ್ಡ ಹಿಡಿದರು. "ಮುಟ್ಟಬ್ಯಾಡ ಸಿದ್ದಕ್ಕಾ."

"ಅಯ್ಯ ತಾರಕ್ಕಾ, ಬೆಚ್ಚಗ ಎಣ್ಣಿ ಹಾಕಿ ತಿಕ್ಕಿದ್ರ ಬಾವ ಇಳೀತೈತಿ."

"ಒಳಗ ಗಂಟ ಇದ್ರ ಅದು ಕಿತ್ತು ಎದಿಗಿ ಹೋಗತೈತಿ. ನಿನ್ನ ಕೈ ಬಂಗಾರದಂಥಾದ್ದ, ಇಲ್ಲನ್ನಂಗಿಲ್ಲ. ಖರೆ ಇವತ್ತ ಮುಟ್ಟಿದ್ರ ಈ ವಾಕರ್ ನಿನ್ನ ತಲಿಮ್ಯಾಲ ಬೀಳತೈತಿ."

ಓಣಿಯ ನಾಲ್ಕು ಹೆಂಗಸರು ಬಾಗಿಲಲ್ಲಿ ಸೇರಿದರು. ಆಪರೇಷನ್ ಆದವರಿಗೆ ಕಾಲು ಬಾಯುವುದು ಇದ್ದದ್ದೇ ಅಂದರು, ಇಷ್ಟಕ್ಕೆ ಬೆಳಗಾವಿಗೆ ಓಡುತ್ತಾರೆಯೇ ಅಂದರು. ಪಾರ್ಶ್ವ ನಾಳೆ ಹೋಗೋಣ ಅಂದ. "ನಾಳಿ ನೀ ಹೋಗು. ನಾ ಈಗ ಹೋಗ್ತೀನಿ. ಗಾಡಿ ತಾ" ಎಂದು ಹೇಳಿ ತಾರಾಬಾಯಿ ನನಗೆ ಫೋನು ಮಾಡಿದರು.

"ನಾಗರತ್ನಾ, ಎಡಗಾಲ ಎರಡ ಬೆರಳ ಹೆಚ್ಚ ದಪ್ಪ ಆಗೇತಿ. ಬಿಸೀ ಐತಿ. ಉಸರ ಬರಾಬರಿ ಐತಿ. ಬರಾಕತ್ತೀನಿ, ಸ್ಕ್ಯಾನಿನಾವ್ರಿಗಿ ಹೇಳಿ ಇಡು."

ಸ್ಕ್ಯಾನಿನವರಿಗೆ ಹೇಳಿಟ್ಟೆ. ಖಾನಾಪುರದಿಂದ ಗಾಡಿ ಬರುವವರೆಗೆ ನಾನು ಗೇಟಿನಲ್ಲೇ ನಿಂತಿದ್ದೆ. ಗುಂಡಿ ಬಂದರೆ ನಿಧಾನ ಮಾಡಲಿ ದೇವರೇ, ಉಸಿರು ಸಿಕ್ಕದಿರಲಿ ಎಂದು ಬೇಡಿಕೊಂಡೆ. ಅವರು ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು, ಬಸ್ಸು ತಪ್ಪಿಸಿಕೊಂಡವರ ಮುಖದಲ್ಲಿ ಕೂತು ಬಂದರು.

ಸ್ಕ್ಯಾನಿನಲ್ಲಿ ಕಂಡಿತು. ಮೊಣಕಾಲಿನ ಹಿಂದಿನ ದೊಡ್ಡ ರಕ್ತನಾಳದಲ್ಲಿ ಹೆಪ್ಪು. ಇನ್ನೂ ಅಲ್ಲೇ ಇತ್ತು, ಮೇಲೆ ಹತ್ತಿರಲಿಲ್ಲ. ವಿನಯ ಡಾಕ್ಟರು ಪಾರ್ಶ್ವನಿಗೆ, "ಇದನ್ನ ತಿಕ್ಕಿಸಿದ್ರ ನಿಮ್ಮ ಅವ್ವ ಇವತ್ತ ಇಲ್ಲಿಗಿ ಜೀವಂತ ಬರ್ತಿದ್ದಿಲ್ಲ" ಅಂದರು. ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿ, "ಆ ನೀರಿಲ್ಲದ ಒಂದ ದಿನ..." ಎಂದು ಮಾತು ಅಲ್ಲಿಗೇ ಬಿಟ್ಟರು. ಅದರಿಂದಲೇ ಆಯಿತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಸೊಂಟ ಮುರಿದ ಮುದುಕರಿಗೆ ಏನೂ ತಪ್ಪಿಲ್ಲದೆಯೂ ಆಗುತ್ತದೆ. ಆದರೆ ಅದರಿಂದ ಅಲ್ಲ ಎಂದೂ ನನಗೆ ಯಾರೂ ಹೇಳಲಾರರು.

ದೊಡ್ಡ ಡಾಕ್ಟರೊಬ್ಬರನ್ನು ಕರೆಸಿದರು. ಅವರು ಕಿಡ್ನಿ ರಿಪೋರ್ಟು ನೋಡಿ, ಅದೇ ಗುಳಿಗೆಯ ದೊಡ್ಡ ಪ್ರಮಾಣ ಬರೆದರು. ದಿನಕ್ಕೆ ಎರಡು ಸಲ ಊಟದ ಜೊತೆ, ಬೆಳಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ.

"ರಾತ್ರಿ ಎಂಟಕ್ಕ ನನ್ನ ಬಾಯಿ ಬಂದ್ ಇರತೈತ್ರಿ ಡಾಕ್ಟರ" ಅಂದರು ತಾರಾಬಾಯಿ.

"ಜೀವದ ಪ್ರಶ್ನೆ ಅಜ್ಜೀ."

"ಜೀವಾ ನಂದ, ನನಗೂ ಬೇಕು. ಎರಡರ ನಡುವ ಹನ್ನೆರಡ ತಾಸ ಇದ್ರ ಆತಲ್ರೀ? ಮುಂಜಾನಿ ಹೊತ್ತ ಹುಟ್ಟತ್ಲೆ ಒಂದ, ಸಂಜೀಕ ಮುಳಗೂಕ ಮುಂಚೆ ಒಂದ. ಮಾರ್ಚ್ ತಿಂಗಳದಾಗ ಹಗಲ ಬರಾಬರಿ ಹನ್ನೆರಡ ತಾಸ ಐತಿ."

ದೊಡ್ಡ ಡಾಕ್ಟರು ಪೆನ್ನು ಹಿಡಿದು ಒಂದು ಕ್ಷಣ ಯೋಚಿಸಿದರು. ಎಂಟು ಹೊಡೆದು ಹಾಕಿ ಬೆಳಗ್ಗೆ ಆರೂ ಮುಕ್ಕಾಲು, ಸಂಜೆ ಆರೂಕಾಲು ಎಂದು ಬರೆದರು. "ಅರ್ಧ ತಾಸ ಹಿಂದ ಮುಂದ ಆದ್ರ ನಡೀತೈತಿ" ಅಂದರು. ಹೋಗುವಾಗ ತಾರಾಬಾಯಿಗೆ ಕೈ ಮುಗಿದು ಹೋದರು.

ಐದನೆಯ ದಿನ ಕಾಲಿನ ಬಾವು ಅರ್ಧಕ್ಕೆ ಇಳಿದಿತ್ತು. ಮನೆಗೆ ಕಳಿಸುವುದೆಂದು ಆಯಿತು. ತಾರಾಬಾಯಿ ಸೀರೆ ಉಟ್ಟು ವಾಕರ್ ಹಿಡಿದು ಮಂಚದ ಅಂಚಿಗೆ ಕೂತಿದ್ದರು, ಪಾರ್ಶ್ವ ಗಾಡಿ ತರಲು ಹೋಗಿದ್ದ. ನಾನು ಹತ್ತು ಗಂಟೆಯ ಔಷಧದ ಟ್ರೇ ಹಿಡಿದು ಬಂದವಳು ಅವರ ಎದುರು ನಿಂತೆ. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅಂದೇ ಹೊರಗೆ ಬಂದದ್ದು.

"ಆಯೀ, ನಿಮ್ಮ ಕೂಡ ಸುಳ್ಳ ಹೇಳಿ ನಿಮ್ಮನ್ನ ಸಾವಿನ ಬಾಗಲಕ ಒಯ್ದ ಬಿಟ್ನಿ. ಕ್ಷಮಾ ಮಾಡ್ರಿ."

ಅವರು ನನ್ನ ಮುಖ ನೋಡಲಿಲ್ಲ, ಟ್ರೇ ನೋಡಿದರು. "ಆ ಸೂಜಿ ಯಾರಿಗಿ?"

"ಬಾಜು ಹಾಸಗಿ ಕಾಶವ್ವಗರಿ. ನಿನ್ನೆ ಆಪರೇಷನ್ ಆತಲ್ರಿ, ನಿಮ್ಮಂಗ ಸೊಂಟಾ."

"ಅದ ಇಂಜೆಕ್ಷನ್ನೇನ?"

"ಹೂನ್ರಿ."

"ಕೊರಳಾಗ ಲಿಂಗಾ ಕಟ್ಟಿದಾಕಿ ಅದಾಳ. ಆಕಿಗಿ ಹೇಳೀಯೇನ?"

ನಿನ್ನೆ ಸಂಜೆ ಕಾಶವ್ವನಿಗೆ ಮೊದಲ ಸೂಜಿ ಚುಚ್ಚಿದ್ದೆ. ಶಕ್ತಿಯದು ಅಂದಿದ್ದೆ. ಇಷ್ಟೆಲ್ಲ ಆದ ಮೇಲೂ ನಾನು ಖರೇ ಹೇಳಲು ಕಲಿತದ್ದು ತಾರಾಬಾಯಿ ಒಬ್ಬರಿಗೇ.

"ಕ್ಷಮಾ ಆಮ್ಯಾಲ ಕೇಳು" ಅಂದರು ಅವರು. "ಮೊದಲ ಆಕಿಗಿ ಹೇಳಿ ಬಾ."

ವಿನಯ ಡಾಕ್ಟರು ರೌಂಡಿಗೆ ಬಂದವರು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಬೇಡ ಎಂದು ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ಕಂಡರೂ ಕಾಣದವಳಂತೆ ಕಾಶವ್ವನ ಹಾಸಿಗೆಗೆ ಹೋದೆ.

"ಕಾಶವ್ವಾರ, ನಿನ್ನೆ ಶಕ್ತೀದ ಅಂದಿದ್ನೆಲ್ಲಾ, ಸುಳ್ಳರಿ ಅದು. ರಕ್ತ ಹೆಪ್ಪಗಟ್ಟಬಾರದಂತ ಕೊಡೂ ಔಷಧ. ಹಂದಿ ಕರಳಿಂದ ಮಾಡಿದ್ದೈತಿ. ಬ್ಯಾರೇ ಗುಳಿಗಿನೂ ಅದಾವು. ಖರೆ ನೀವು ಫಿಟ್ಸಿಗಿ ತಗೊಳ್ಳೂ ಗುಳಿಗಿಗೂ ಅದಕೂ ಹೊಂದಂಗಿಲ್ಲ, ಅದಕ ಡಾಕ್ಟರು ಇದನ್ನ ಬರದಾರ. ಏನ ಮಾಡೂಣ್ರಿ?"

ಕಾಶವ್ವ ಎದೆಯ ಮೇಲಿನ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಲಗಿದ್ದಳು. ಟ್ರೇ ಹಿಡಿದ ನನ್ನ ಕೈ ನೋಯತೊಡಗಿತು. ಇವಳೂ ಬೇಡ ಅಂದರೆ, ಇವಳ ಕಾಲಿನಲ್ಲೂ ಹೆಪ್ಪುಗಟ್ಟಿದರೆ, ಅದಕ್ಕೂ ನಾನೇ ಹೊಣೆ. ಆದರೂ ಬಾಯಿ ಮುಚ್ಚಿಕೊಂಡು ಕಾದೆ.

"ಚುಚ್ಚವ್ವಾ" ಅಂದಳು ಕಾಶವ್ವ ಕೊನೆಗೆ. "ನನ್ನ ಕೇಳಿದೆಲ್ಲಾ, ಸಾಕು. ಬಸವಣ್ಣಗ ನಾ ಹೇಳ್ಕೋತೀನಿ." ತಾನೇ ಸೆರಗು ಸರಿಸಿ ಹೊಟ್ಟೆ ಕೊಟ್ಟಳು.

ಚುಚ್ಚಿ, ಹತ್ತಿ ಒತ್ತಿ ತಿರುಗಿದೆ. ವಿನಯ ಡಾಕ್ಟರು ಹತ್ತಿರ ಬಂದು ದನಿ ತಗ್ಗಿಸಿ, "ಸಿಸ್ಟರ್, ಎಲ್ಲಾರಿಗೂ ಹಿಂಗ ಹೇಳಕೋಂತ ಹೋದ್ರ ಹ್ಯಾಂಗ?" ಅಂದರು.

"ಹೇಳಕೋಂತನ ಹೋಗೂದ್ರಿ ಸರ್. ಬ್ಯಾಡಂದ್ರ ನನ್ನ ತಗದ ಹಾಕ್ರಿ" ಅಂದೆ. ನನ್ನ ದನಿಯೇನೂ ತಗ್ಗಿರಲಿಲ್ಲ.

ಹಿಂದಿನಿಂದ ತಾರಾಬಾಯಿ ಕೂಗಿದರು. "ನಾಗರತ್ನಾ, ಈಗ ಕೇಳ ಬಾ ಕ್ಷಮಾ!"

"ಈಗ ಪುರಸೊತ್ತಿಲ್ರಿ ಆಯೀ" ಅಂದೆ. "ಇನ್ನ ನಾಕ ಹಾಸಗಿ ಉಳದಾವು."